ಕಾಕಾ ಬೆರಳಿಗೆ ತಿಳಿಯುತ್ತಿದ್ದ ಪಾಕ

ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಹರಳುಗಟ್ಟುವ ಜಾಗವನ್ನು ಪ್ಯಾನ್ ಫ್ಲೋರ್ ಎನ್ನುತ್ತೇವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ 100 ಡಿಗ್ರಿ ದಾಟಿ ಕುದಿಯುತ್ತದೆ. ಇಲ್ಲಿ ಮುಚ್ಚಿದ ಪ್ಯಾನಿನೊಳಗೆ ನಿರ್ವಾತ ಇರುವುದರಿಂದ 65–70 ಡಿಗ್ರಿಯಲ್ಲೇ ಕುದಿಯುತ್ತದೆ. ಅದರ ಮುಂದೆ ನಿಂತು ಹದ ನೋಡುವವನು ಪ್ಯಾನ್‌ಮನ್. ಮಾಪಕಗಳು ಇವೆ, ಕೆಳಗೆ ಪ್ರಯೋಗಾಲಯವೂ ಇದೆ. ಆದರೂ ಅವನು ಪ್ಯಾನಿನೊಳಗಿನ ಮಾದರಿ ತೆಗೆಯುವ ಸಲಾಕೆಯಾದ ಪ್ರೂಫ್ ಸ್ಟಿಕ್ ಎಳೆದು, ಗಾಜಿನ ತುಂಡಿನ ಮೇಲೆ ಪಾಕ ಸವರಿ ಬೆಳಕಿಗೆ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ಎಳೆದು ನೋಡಿದ ಮೇಲೆಯೇ ಮುಂದಿನ ವಾಲ್ವ್ ತಿರುಗುತ್ತದೆ. ನಮ್ಮ ಮನೆಗಳಲ್ಲಿ ಒಂದೆಳೆ ಪಾಕ ನೋಡುವ ಬಗೆಯೇ ಇದು. ವ್ಯತ್ಯಾಸವೆಂದರೆ ಇಲ್ಲಿ ಹದ ತಪ್ಪಿದರೆ ಹಾಳಾಗುವುದು ಟನ್‌ಗಟ್ಟಲೆ ಪಾಕ.

ನಾನು ಬೆಳಗಾವಿ ಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ರಸಾಯನ ತಜ್ಞ. ಕೆಲವು ವರ್ಷಗಳ ಹಿಂದೆ ನಮ್ಮ ಹಿರಿಯ ಪ್ಯಾನ್‌ಮನ್ ಒಬ್ಬರು ನಿವೃತ್ತರಾದರು. ಹಾರ ಹಾಕಿ, ಶಾಲು ಹೊದಿಸಿ ಕಳುಹಿಸಿಕೊಟ್ಟೆವು. ಮುಂದಿನ ಹಂಗಾಮು ಆರಂಭವಾಗಿ ಮೂರು ವಾರವೂ ಆಗಿರಲಿಲ್ಲ. ಒಂದು ರಾತ್ರಿ ಪಾಳಿಯಲ್ಲಿ ನಿರ್ವಾತ ಇದ್ದಕ್ಕಿದ್ದಂತೆ ಏರಿತು. ನಿರ್ವಾತ ಏರಿದರೆ ಪಾಕ ತಣ್ಣಗಾಗುತ್ತದೆ, ತಣ್ಣಗಾದ ಪಾಕ ಸಕ್ಕರೆಯನ್ನು ಕರಗಿಸಿ ಇಟ್ಟುಕೊಳ್ಳಲಾರದೆ ಹೊಸ ಸಣ್ಣ ಹರಳುಗಳನ್ನು ಬಿಡುತ್ತದೆ. ಫಾಲ್ಸ್ ಗ್ರೇನ್ ಎಂದು ಕರೆಯುವುದು ಇದನ್ನೇ. ಕೂಡಲೇ ಬಿಸಿನೀರು ಕೊಟ್ಟು ಆ ಸಣ್ಣ ಕಾಳನ್ನು ಕರಗಿಸಬೇಕಿತ್ತು. ಹೊಸ ಹುಡುಗ ಅದನ್ನು ಗಮನಿಸುವಷ್ಟರಲ್ಲಿ ತಡವಾಗಿತ್ತು. ಹರಳಿನಿಂದ ಕಾಕಂಬಿಯನ್ನು ತಿರುಗಿಸಿ ಬೇರ್ಪಡಿಸುವ ಸೆಂಟ್ರಿಫ್ಯೂಗಲ್ ಯಂತ್ರದಲ್ಲಿ ಅದು ಬಸಿಯಲೇ ಇಲ್ಲ. ಇಡೀ ಪ್ಯಾನನ್ನು ಕರಗಿಸಿ ಮತ್ತೆ ಕುದಿಸಬೇಕಾಯಿತು. ಆ ಹುಡುಗನ ಮೇಲೆ ನಾನು ರೇಗಿದೆ. ಮರುದಿನ ನಾಚಿಕೆಯಾಯಿತು. ಅವನಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾದವರನ್ನು ಶಾಲು ಹೊದಿಸಿ ಕಳುಹಿಸಿದವರಲ್ಲಿ ನಾನೂ ಒಬ್ಬ.

ಅದೇ ವರ್ಷ ಗುಣಮಟ್ಟ ಪರಿಶೋಧಕರು ಬಂದಿದ್ದರು. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9001ರ 2015ರ ಆವೃತ್ತಿಯಲ್ಲಿ ಒಂದು ಹೊಸ ಅಂಶ ಸೇರಿದೆ: ಸಂಸ್ಥೆಯ ಕೆಲಸಕ್ಕೆ ಬೇಕಾದ ಜ್ಞಾನ ಯಾವುದೆಂದು ಗುರುತಿಸಿ, ಅದನ್ನು ಕಾಪಾಡಿಕೊಂಡು, ಬೇಕಾದವರಿಗೆ ಸಿಗುವಂತೆ ಮಾಡಬೇಕು. ಅದಕ್ಕೆ ಉತ್ತರವಾಗಿ ನಾವು 140 ಪುಟಗಳ ಕೈಪಿಡಿ ತಯಾರಿಸಿದೆವು. ಇಂಗ್ಲಿಷಿನಲ್ಲಿ. ಅದನ್ನು ಬರೆದವನೂ ನಾನೇ. ಪರಿಶೋಧನೆ ಸುಸೂತ್ರವಾಗಿ ಮುಗಿಯಿತು, ಕೈಪಿಡಿ ಪ್ರಯೋಗಾಲಯದ ಕಪಾಟು ಸೇರಿತು. ಕನ್ನಡ ಮತ್ತು ಮರಾಠಿ ಓದುವ ಪ್ಯಾನ್‌ಮನ್ ರಾತ್ರಿ ಎರಡು ಗಂಟೆಗೆ ಮೆಟ್ಟಿಲಿಳಿದು ಬಂದು ಇಂಗ್ಲಿಷ್ ಪುಟ ತಿರುವುತ್ತಾನೆ ಎಂದು ನಾನು ಹೇಗೆ ನಂಬಿದೆನೋ!

ಅದರಲ್ಲಿ ಇದ್ದದ್ದಾದರೂ ಏನು? ಸಿರಪ್‌ನ, ಅಂದರೆ ಗಟ್ಟಿಗೊಳಿಸಿದ ರಸದ, ಬ್ರಿಕ್ಸ್ (ಅದರಲ್ಲಿ ಕರಗಿದ ಸಕ್ಕರೆ ಮೊದಲಾದವುಗಳ ಪ್ರಮಾಣ) ಎಷ್ಟಿರಬೇಕು, ನಿರ್ವಾತ ಎಷ್ಟಿರಬೇಕು, ಯಾವ ಕ್ರಮದಲ್ಲಿ ಯಾವ ವಾಲ್ವ್. ಎಲ್ಲವೂ ಸರಿ ಇದ್ದಾಗ ಏನು ಮಾಡಬೇಕು ಎಂಬುದು. ಅದು ಆ ಹುಡುಗನಿಗೂ ಗೊತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಸರಿ ಇಲ್ಲದಾಗ ಅನುಮಾನ ಹುಟ್ಟುವ ಬಗೆ. ಹಿರಿಯರು ಇಟ್ಟುಕೊಂಡಿರುವ ಜ್ಞಾನ ಎಂದರೆ ಬಹುಪಾಲು ಅನುಮಾನಗಳೇ, ಯಾವಾಗ ಯಾವುದನ್ನು ನಂಬಬಾರದು ಎಂಬ ಎಚ್ಚರವೇ ಎಂದು ನನಗೆ ಮನವರಿಕೆಯಾದದ್ದು ಆಗ.

ಆ ಬಿಡುವಿನ ಕಾಲದಲ್ಲಿ ಜ್ಞಾನ ನಿರ್ವಹಣೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮನಸ್ಸಿಗೆ ತಾಕಿದ್ದು ಕೆಲವೇ. ಜಪಾನಿನ ನಿರ್ವಹಣಾ ವಿದ್ವಾಂಸ ನೊನಾಕಾ ಬರೆದ ಬ್ರೆಡ್ ಯಂತ್ರದ ಪ್ರಸಂಗ ಅದರಲ್ಲಿ ಒಂದು. ಮತ್ಸುಶಿತಾ ಕಂಪನಿಯ ಯಂತ್ರ ಹಿಟ್ಟನ್ನು ಸರಿಯಾಗಿ ನಾದುತ್ತಿರಲಿಲ್ಲ. ಅಲ್ಲಿನ ಇಕುಕೊ ತನಾಕಾ ಎಂಬ ಉದ್ಯೋಗಿ ಒಸಾಕಾದ ಹೋಟೆಲೊಂದರ ಬ್ರೆಡ್ ತಯಾರಕರ ಬಳಿ ಶಿಷ್ಯೆಯಾಗಿ ಸೇರಿ, ಅವರು ಹಿಟ್ಟನ್ನು ಎಳೆಯುವಾಗ ತಿರುಚುತ್ತಾರೆ ಎಂಬುದನ್ನು ಕಂಡುಕೊಂಡರು. ಆಮೇಲೆ ಯಂತ್ರದೊಳಗೆ ಏಣುಗಳು ಬಂದವು. ಇನ್ನೊಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್. ಅಗ್ನಿಶಾಮಕ ದಳದ ನಾಯಕರು ನಿರ್ಧಾರ ಮಾಡುವ ಬಗೆಯನ್ನು 1980ರ ದಶಕದಲ್ಲಿ ಅಧ್ಯಯನ ಮಾಡಿದವರು. ‘ನೀವು ಹೇಗೆ ಕೆಲಸ ಮಾಡುತ್ತೀರಿ’ ಎಂದು ಸಾರಾಸಗಟಾಗಿ ಕೇಳುವ ಬದಲು, ನಡೆದ ಒಂದೇ ಘಟನೆಯನ್ನು ಹಿಡಿದು ಅದರ ತಿರುವುಗಳನ್ನು ಮತ್ತೆ ಮತ್ತೆ ಕೆದಕುವುದು ಅವರ ದಾರಿ. ಈ ಎರಡೂ ಸೇರಿ ನನಗೆ ಒಂದು ಹಾದಿ ತೋರಿಸಿದವು.

ನಮ್ಮಲ್ಲಿ ಉಳಿದಿದ್ದ ಹಿರಿಯ ಪ್ಯಾನ್‌ಮನ್‌ರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಿದ್ದೆವು. ಅವರ ನಿವೃತ್ತಿಗೆ ಎರಡು ಹಂಗಾಮುಗಳಿದ್ದವು. ವಾರಕ್ಕೆ ಮೂರು ರಾತ್ರಿ ಅವರ ಪಾಳಿಯಲ್ಲಿ ನಾನು ಇಲ್ಲವೇ ಕಿರಿಯ ರಸಾಯನ ತಜ್ಞೆ ಪಕ್ಕದಲ್ಲಿ ಇರುವುದೆಂದು ಗೊತ್ತು ಮಾಡಿಕೊಂಡೆವು. ಮೊದಲ ದಿನ ಹಳೆಯ ತಪ್ಪನ್ನೇ ಮಾಡಿದೆ.

“ಕಾಕಾ, ಪಾಕ ಹದಕ್ಕೆ ಬಂದದ್ದು ನಿಮಗೆ ಹೇಗೆ ಗೊತ್ತಾಗುತ್ತದೆ?”

“ಬೆರಳಿಗೆ ತಿಳಿಯುತ್ತದೆ, ಸಾಹೇಬರೇ.”

ಅವರು ಮುಚ್ಚಿಡುತ್ತಿರಲಿಲ್ಲ. ಆ ಪ್ರಶ್ನೆಗೆ ಇರುವುದು ಅಷ್ಟೇ ಉತ್ತರ. ಒಂದು ವಾರ ಸುಮ್ಮನೆ ನೋಡಿದೆ. ಆಮೇಲೆ ಕೇಳಿದೆ: “ಮೊನ್ನೆ ರಾತ್ರಿ ಎರಡನೇ ಪ್ಯಾನಿಗೆ ಸಿರಪ್ ಬಿಡಲು ವಾಲ್ವ್ ಮೇಲೆ ಕೈ ಇಟ್ಟವರು ಹಿಂದೆ ತೆಗೆದಿರಿ. ಆಗ ಏನು ಕಂಡಿತು?” ಕಾಕಾ ಚಹಾದ ಲೋಟ ಕೆಳಗಿಟ್ಟು ನಲವತ್ತು ನಿಮಿಷ ಮಾತಾಡಿದರು. ನೋಡುಗಾಜಿನ ಮೇಲೆ ಸಿಡಿದ ಹನಿ ಜಾರುವ ವೇಗ ಕಡಿಮೆಯಾಗಿತ್ತಂತೆ. ಕುದಿಯ ಸದ್ದು ಭಾರವಾಗಿತ್ತಂತೆ. ಬೆರಳಲ್ಲಿ ಎಳೆದಾಗ ಎಳೆ ಇರಬೇಕಾದದ್ದಕ್ಕಿಂತ ಉದ್ದ ಬಂತು, ಆದರೆ ಕಾಳಿನ ಗರಗರ ಅಷ್ಟೇ ಇತ್ತು. “ಹಾಗಾದರೆ ಪಾಕ ಗಟ್ಟಿಯಾಗಿಲ್ಲ, ಜಿಗುಟಾಗಿದೆ. ಕಬ್ಬು ಹಳೆಯದು,” ಎಂದರು.

ಕೆಳಗೆ ಹೋಗಿ ಯಾರ್ಡಿನ ಚೀಟಿಗಳನ್ನು ನೋಡಿದೆ. ಮಳೆಯಿಂದ ಗಾಡಿಗಳು ಸಿಕ್ಕಿಹಾಕಿಕೊಂಡು, ಕಡಿದು ಮೂರು ದಿನ ದಾಟಿದ ಕಬ್ಬು ಹಿಂದಿನ ದಿನ ನುರಿದಿತ್ತು. ಕಡಿದ ಕಬ್ಬು ತಡವಾದಷ್ಟೂ ಅದರಲ್ಲಿ ಬ್ಯಾಕ್ಟೀರಿಯಾಗಳು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವನ್ನು ಉಂಟುಮಾಡುತ್ತವೆ. ಪಾಕ ಜಿಗುಟಾಗುತ್ತದೆ, ಹರಳು ಚೌಕವಾಗಿ ಬೆಳೆಯುವ ಬದಲು ಉದ್ದುದ್ದ ಸೂಜಿಯಂತಾಗುತ್ತದೆ. ಇದನ್ನು ನಾನು ಓದಿದ್ದು ಪಠ್ಯದಲ್ಲಿ. ಕಾಕಾ ಪಠ್ಯ ಓದಿದವರಲ್ಲ. ನಮ್ಮಿಬ್ಬರ ತಿಳಿವಳಿಕೆ ಒಂದೇ ಕಟ್ಟಡದಲ್ಲಿ ವರ್ಷಾನುಗಟ್ಟಲೆ ಮೇಲೆ ಕೆಳಗೆ ಇದ್ದೂ ಒಮ್ಮೆಯೂ ಭೇಟಿಯಾಗಿರಲಿಲ್ಲವಲ್ಲ ಎಂದು ಅಂದು ಬಹಳ ನೊಂದುಕೊಂಡೆ.

ಮುಂದೆ ನಮ್ಮ ಪ್ರಶ್ನೆಗಳು ಮೂರಕ್ಕೆ ನಿಂತವು. ಕೈ ಹಾಕುವ ಮುಂಚೆ ಏನನ್ನು ಕಂಡಿರಿ? ಏನು ಮಾಡಲು ಹೊರಟು ಬಿಟ್ಟಿರಿ? ಹೊಸಬನಾಗಿದ್ದರೆ ಇಲ್ಲಿ ಏನು ತಪ್ಪು ಮಾಡುತ್ತಿದ್ದ? ಮೂರನೆಯದಕ್ಕೆ ಸಿಗುತ್ತಿದ್ದ ಉತ್ತರ ಯಾವಾಗಲೂ ಹೆಚ್ಚು ತುಂಬಿಕೊಂಡಿರುತ್ತಿತ್ತು.

ಪ್ರತಿ ಪ್ರಸಂಗಕ್ಕೆ ಒಂದೇ ಹಾಳೆ ಮಾಡಿದೆವು, ಕಾಕಾನ ಮಾತಿನಲ್ಲೇ. ‘ಸ್ನಿಗ್ಧತೆ’ ಎಂದು ಬರೆಯಲು ಹೊರಟ ಕಿರಿಯ ತಜ್ಞೆಯನ್ನು ತಡೆದು ‘ಜಿಗುಟು’ ಎಂದು ಬರೆಸಿದೆ, ಏಕೆಂದರೆ ಹುಡುಕುವವನು ಹುಡುಕುವುದು ಆ ಮಾತನ್ನು. ಹಾಳೆಗೆ ಪ್ಲಾಸ್ಟಿಕ್ ಹೊದಿಸಿ ಪ್ಯಾನ್‌ಗಳ ಪಕ್ಕದ ಕಂಬಕ್ಕೇ ತೂಗುಹಾಕಿದೆವು. ಎಳೆ ಎಷ್ಟು ಉದ್ದ, ಹನಿ ಹೇಗೆ ಜಾರುತ್ತದೆ ಎಂಬುದು ಅಕ್ಷರಕ್ಕೆ ಸಿಗುವುದಿಲ್ಲ, ಅದಕ್ಕೆ ಮೊಬೈಲಿನಲ್ಲಿ ಅರ್ಧ ನಿಮಿಷದ ದೃಶ್ಯಗಳನ್ನು ಹಿಡಿದೆವು. ಆದರೂ ಹಾಳೆ ಓದಿ ಯಾರೂ ಪ್ಯಾನ್‌ಮನ್ ಆಗುವುದಿಲ್ಲ. ಹಾಳೆ ಇರುವುದು ಕಾಕಾನ ಪಕ್ಕದಲ್ಲಿ ನಿಂತ ಹುಡುಗನಿಗೆ ಸರಿಯಾದ ಪ್ರಶ್ನೆ ಕೇಳಲು. ಹೀಗಾಗಿ ಇಬ್ಬರು ಕಿರಿಯರನ್ನು ಎರಡೂ ಹಂಗಾಮು ಕಾಕಾನ ಪಾಳಿಯಲ್ಲೇ ಇರಿಸಿಕೊಂಡೆವು. ಪಾಳಿ ಬದಲಿಸದಿರಲು ವ್ಯವಸ್ಥಾಪಕರನ್ನು ಒಪ್ಪಿಸುವುದು ಹಾಳೆ ಬರೆಯುವುದಕ್ಕಿಂತ ಕಷ್ಟವಾಯಿತು.

ಅದಕ್ಕೂ ಕಷ್ಟದ್ದು ಮತ್ತೊಂದಿತ್ತು. ಗುತ್ತಿಗೆಯ ಮೇಲಿದ್ದ ಒಬ್ಬ ಅನುಭವಿ ಕೆಲಸಗಾರ ಬಾಯಿಯನ್ನೇ ಬಿಡಲಿಲ್ಲ. ಕೊನೆಗೆ ಒಂದು ದಿನ ನೇರವಾಗಿ ಹೇಳಿದ: “ಎಲ್ಲ ಬರೆದುಕೊಂಡ ಮೇಲೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತೀರಿ?” ನನ್ನ ಬಳಿ ಉತ್ತರವಿರಲಿಲ್ಲ. ಅವನ ಭಯ ನ್ಯಾಯವಾದದ್ದು. ಜ್ಞಾನ ನಿರ್ವಹಣೆಯ ಮಾತಾಡುವವರು ಈ ಪ್ರಶ್ನೆಯನ್ನು ಮೊದಲು ಎದುರಿಸಬೇಕು, ಇಲ್ಲವಾದರೆ ನಾವು ಮಾಡುವುದು ಇನ್ನೊಬ್ಬರ ದುಡಿಮೆಯನ್ನು ಬರಿದು ಮಾಡುವ ಕೆಲಸವಾಗುತ್ತದೆ. ಆಡಳಿತದವರೊಂದಿಗೆ ತಿಂಗಳುಗಟ್ಟಲೆ ಮಾತಾಡಿ ಎರಡು ಕೆಲಸ ಮಾಡಿಸಿಕೊಂಡೆ. ನಿವೃತ್ತರಾದ ಮೇಲೂ ಹಂಗಾಮಿನ ಮೊದಲ ಆರು ವಾರ ಕಾಕಾನನ್ನು ಗೌರವಧನ ಕೊಟ್ಟು ತರಬೇತಿಗೆ ಕರೆಯುವುದು ಒಂದು. ಕಲಿಸುವ ಗುತ್ತಿಗೆ ಕೆಲಸಗಾರರ ಹೆಸರನ್ನು ಮುಂದಿನ ಹಂಗಾಮಿನ ಪಟ್ಟಿಯಲ್ಲಿ ಮೊದಲು ಬರೆಯುವುದು ಇನ್ನೊಂದು. ಅವನನ್ನು ಕಾಯಂ ಮಾಡಿಸಲು ನನ್ನಿಂದ ಆಗಲಿಲ್ಲ. ಆದರೂ ಅವನು ಮಾತಾಡಿದ. ಆ ಋಣ ನನ್ನ ಮೇಲಿದೆ.

ಹಾಳೆಯ ಕೆಳಗೆ ಹೇಳಿದವರ ಹೆಸರು ಹಾಕುವುದನ್ನು ಕಲಿತದ್ದು ಝೆರಾಕ್ಸ್ ಕಂಪನಿಯ ಅನುಭವದಿಂದ. ನಕಲು ಯಂತ್ರ ರಿಪೇರಿ ಮಾಡುವವರು ಕೈಪಿಡಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕಥೆಗಳಿಂದ ಕಲಿಯುತ್ತಾರೆ ಎಂದು ಮಾನವಶಾಸ್ತ್ರಜ್ಞ ಜೂಲಿಯನ್ ಓರ್ ಅಲ್ಲಿ ತೋರಿಸಿಕೊಟ್ಟಿದ್ದರು. ಮುಂದೆ 1990ರ ದಶಕದಲ್ಲಿ ಬಂದ ಯುರೇಕಾ ಎಂಬ ವ್ಯವಸ್ಥೆಯಲ್ಲಿ ರಿಪೇರಿಯವರ ಸಲಹೆಗಳನ್ನು ಅವರಂಥದೇ ಅನುಭವಿಗಳು ಪರೀಕ್ಷಿಸಿ, ಬರೆದವರ ಹೆಸರಿನೊಂದಿಗೇ ಹಂಚುತ್ತಿದ್ದರು. ಅದಕ್ಕೆ ಹಣದ ಬಹುಮಾನ ಇರಲಿಲ್ಲ. ನಮ್ಮಲ್ಲೂ ಮೊದಲ ಹಾಳೆಯ ಕೆಳಗೆ ತನ್ನ ಹೆಸರು ಕಂಡ ದಿನ ಕಾಕಾ ಮೊಮ್ಮಗನಿಗೆ ತೋರಿಸಲು ಅದರ ಚಿತ್ರ ತೆಗೆಸಿಕೊಂಡರು.

ವಾಟ್ಸ್‌ಆ್ಯಪ್ ಗುಂಪನ್ನೂ ಮಾಡಿದೆವು. ಸುದ್ದಿ ಮುಟ್ಟಿಸಲು ಅದು ಒಳ್ಳೆಯದು. ಆದರೆ ಶುಭೋದಯಗಳ ನಡುವೆ ಹೋದ ವರ್ಷದ ಸಲಹೆಯನ್ನು ಹುಡುಕಲು ಸಾಧ್ಯವೇ ಇಲ್ಲ. ಅದರ ಬದಲು ಪಾಳಿ ಪುಸ್ತಕದಲ್ಲಿ ‘ಏಕೆ’ ಎಂಬ ಒಂದು ಅಂಕಣ ಸೇರಿಸಿದ್ದು ಫಲ ಕೊಟ್ಟಿತು. ಹಿಂದೆ ‘2.10ಕ್ಕೆ ಫೀಡ್ ನಿಲ್ಲಿಸಲಾಯಿತು’ ಎಂದಷ್ಟೇ ಇರುತ್ತಿತ್ತು. ಈಗ ಪಕ್ಕದಲ್ಲಿ ‘ಎಳೆ ಉದ್ದ, ಕಾಳು ಅಷ್ಟೇ, ಯಾರ್ಡ್ ನೋಡಲು ಹೇಳಿದೆ’ ಎಂದು ಇರುತ್ತದೆ. ದೊಡ್ಡ ತೊಂದರೆಯಾದರೆ ಮರುದಿನ ಪಾಳಿ ಬದಲಾಗುವಾಗ ಹದಿನೈದು ನಿಮಿಷ ನಿಂತೇ ಮಾತಾಡುತ್ತೇವೆ: ಏನಾಗಬೇಕಿತ್ತು, ಏನಾಯಿತು, ಯಾಕೆ ಬೇರೆಯಾಯಿತು, ಮುಂದೆ ಏನು. ಅಮೆರಿಕದ ಸೇನೆ ತರಬೇತಿಯಲ್ಲಿ ಬಳಸುವ ಕ್ರಮ ಇದು. ‘ಯಾರು ಮಾಡಿದರು’ ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಅದನ್ನು ಕೇಳದಿರಲು ನಾನೇ ಮೊದಲು ಕಲಿಯಬೇಕಾಯಿತು.

ಸಂಶೋಧಕರ ವಿಷಯವನ್ನೂ ಹೇಳಬೇಕು. ಹಿಂದೆ ಒಬ್ಬ ವಿದ್ಯಾರ್ಥಿ ನಮ್ಮಲ್ಲಿ ಇಡೀ ಹಂಗಾಮು ಮಾದರಿಗಳನ್ನು ತೆಗೆದುಕೊಂಡು ಹೋಗಿದ್ದ. ಪ್ರಬಂಧ ಸಲ್ಲಿಕೆಯಾಯಿತು, ನಮ್ಮ ಬಳಿ ಒಂದು ಹಾಳೆಯೂ ಉಳಿಯಲಿಲ್ಲ. ತಪ್ಪು ಅವನದಲ್ಲ, ನಾವು ಕೇಳಿರಲಿಲ್ಲ. ಆಮೇಲೆ ಬಂದ ಸಂಶೋಧಕಿಯೊಂದಿಗೆ ಮೊದಲೇ ಮಾತಾಡಿಕೊಂಡೆವು: ಅಳತೆಗಳ ಒಂದು ಪ್ರತಿ ನಮಗೆ, ಮುಗಿಸಿ ಹೋಗುವಾಗ ಪ್ಯಾನ್ ಫ್ಲೋರ್‌ನವರಿಗೆ ಕನ್ನಡದಲ್ಲಿ ಒಂದು ಗಂಟೆ ವಿವರಣೆ. ಅವರು ಕಾಕಾ ‘ಜಿಗುಟು’ ಎಂದ ಪಾಕದ ಮಾದರಿಗಳನ್ನು ಬೇರೆಯಾಗಿ ಗುರುತು ಹಾಕಿ ಅಳೆದರು, ಸೂಕ್ಷ್ಮದರ್ಶಕದಲ್ಲಿ ಉದ್ದನೆಯ ಹರಳುಗಳನ್ನು ಕಾಕಾನಿಗೇ ತೋರಿಸಿದರು. ಕಾಕಾ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಇಷ್ಟು ವರ್ಷ ಬೆರಳಿಗೆ ಚುಚ್ಚುತ್ತಿದ್ದದ್ದು ಇದೇ ಏನು?” ಎಂದರು.

ಎರಡು ಹಂಗಾಮಿನಲ್ಲಿ 31 ಹಾಳೆಗಳಾದವು. ಬಿಡುವಿನ ಕಾಲದಲ್ಲಿ, ಯಂತ್ರಗಳನ್ನು ಬಿಚ್ಚಿ ಸವೆದದ್ದನ್ನು ಬದಲಿಸುವ ವಾರಗಳಲ್ಲೇ, ಮೂವರು ಪ್ಯಾನ್‌ಮನ್‌ಗಳು ಕುಳಿತು ಹಾಳೆಗಳನ್ನೂ ಒಂದೊಂದಾಗಿ ಓದುತ್ತಾರೆ. ಸವೆದವನ್ನು ತೆಗೆಯುತ್ತಾರೆ. ಈಗ ಉಳಿದಿರುವುದು 26.

ಕಳೆದ ಹಂಗಾಮಿಗೆ ಮುಂಚೆ ಒಂದು ಪ್ಯಾನಿಗೆ ಯಾಂತ್ರಿಕ ಕಲಕುಗ ಕೂರಿಸಿದರು. ಕಾಳು ಹಿಡಿದ ಮೇಲೆ ಬಿಸಿನೀರು ಕೊಟ್ಟು ಪಾಕ ಆಡಿಸುತ್ತ, ಕಾಳು ಗಟ್ಟಿಯಾಗುವವರೆಗೆ ಕಾದು ಆಮೇಲೆ ಸಿರಪ್ ಬಿಡಬೇಕು ಎಂಬುದು ಕಾಕಾನ ಏಳನೇ ಹಾಳೆ. ಆ ಪ್ಯಾನಿನಲ್ಲಿ ಅಷ್ಟು ಕಾಯುವುದು ಬೇಡ ಎಂದು ಪಾಳಿ ಪುಸ್ತಕದ ‘ಏಕೆ’ ಅಂಕಣದಲ್ಲಿ ಆರು ಸಲ ಬರೆದವನು, ಅಂದು ರಾತ್ರಿ ನಾನು ರೇಗಿದ್ದ ಹುಡುಗನೇ. ತರಬೇತಿಗೆ ಬಂದಿದ್ದ ಕಾಕಾನ ಮುಂದೆ ಅದನ್ನು ಹೇಳಲು ಅವನಿಗೆ ಸಂಕೋಚ. ನಾನೇ ಪುಸ್ತಕ ತೆರೆದು ತೋರಿಸಿದೆ. ಕಾಕಾ ಪ್ಯಾನಿನ ಬಳಿ ಹೋದರು, ಸ್ಟಿಕ್ ಎಳೆದರು, ಗಾಜನ್ನು ಬೆಳಕಿಗೆ ಹಿಡಿದರು, ಬೆರಳಲ್ಲಿ ಎಳೆದು ನೋಡಿದರು. ಇನ್ನೂ ಎರಡು ಸಲ ಹಾಗೇ ಮಾಡಿದರು.

“ಸಾಹೇಬರೇ, ಏಳನೇ ಹಾಳೆಯಲ್ಲಿ ನನ್ನ ಹೆಸರು ಹೊಡೆದು ಇವನ ಹೆಸರು ಬರೆಯಿರಿ,” ಎಂದರು.

ಹೊಡೆಯಲಿಲ್ಲ. ಕಲಕುಗ ಇಲ್ಲದ ಪ್ಯಾನ್‌ಗಳಿಗೆ ಕಾಕಾನ ಸಾಲು ಹಾಗೆಯೇ ಇದೆ. ಅದರ ಕೆಳಗೆ ಹುಡುಗನ ಸಾಲು, ತಾರೀಖು, ಅವನ ಹೆಸರು.