ಮುಖಕ್ಕೆ ಮೈದಾ ಮೆತ್ತಬೇಡ್ರಪ್ಪ: ಸ್ಕಿನ್ ರೀಟಚ್ ಮಾಡೋ ಬಗೆ

ಮಂಡ್ಯ ಕಡೆ ಮದುವೆ ಆಲ್ಬಮ್ ತೆಗೆದು ನೋಡಿ, ಹೆಣ್ಣಿನ ಮುಖ ಮೈದಾ ಮೆತ್ತಿದಂಗೆ ನುಣ್ಣಗೆ, ಕುತ್ತಿಗೆ ಕೈ ಮಾತ್ರ ಅವರದ್ದೇ ಚರ್ಮ. ಬ್ಲರ್ ಹೊಡೆದ್ರೆ ಮೊಡವೆ ಜೊತೆ ಚರ್ಮದ ಸಣ್ಣ ಸಣ್ಣ ರಂಧ್ರಗಳೂ ಹೋಗ್ತವೆ, ಅವು ಹೋದ್ವೋ ಮುಖ ಪ್ಲಾಸ್ಟಿಕ್ಕು.

ನಾನೂ ಹಂಗೇ ಮಾಡ್ತಿದ್ದವನೇ. ಒಂದ್ಸಲ ಒಬ್ರು ಅಜ್ಜಿ ಫೋಟೋನ ದೊಡ್ಡದು ಮಾಡಿ ಫ್ರೇಮ್ ಹಾಕೋಕೆ ಕೊಟ್ಟಿದ್ರು, ಗದ್ದದ ಮೇಲಿದ್ದ ಹಚ್ಚೆ ಚುಕ್ಕಿನ ಕಲೆ ಅನ್ಕೊಂಡು ಒರೆಸಿ, ಸುಕ್ಕೂ ತೆಗೆದು ಕೊಟ್ಟೆ. ಅಜ್ಜಿ ಮಗ ನೋಡಿ "ಇದ್ಯಾರ ಅವ್ವನ್ನ ಮಾಡಿದ್ದೀಯಪ್ಪ" ಅಂದ. ಅವತ್ತಿಂದ ಫೈಲ್ ತೆಗೆದ ತಕ್ಷಣ ಒಂದೇ ಲೆಕ್ಕ: ಹದಿನೈದು ದಿನಕ್ಕೆ ತಾನೇ ಹೋಗೋದಾದ್ರೆ, ಅಂದ್ರೆ ಮೊಡವೆ, ಶೇವಿಂಗ್ ಗಾಯ, ಸೊಳ್ಳೆ ಕಚ್ಚಿದ್ದು, ತೆಗೀರಿ. ಮಚ್ಚೆ, ಹಚ್ಚೆ, ಹಳೇ ಗಾಯದ ಗುರುತು ಕೇಳದೆ ಮುಟ್ಬೇಡಿ.

ಈಗ ಕೆಲಸ. ಉಪಾಯ ಇಷ್ಟೇ: ಚರ್ಮದ ಬಣ್ಣ ಒಂದು ಲೇಯರಿಗೆ (ಒಂದರ ಮೇಲೊಂದು ಕೂರೋ ಪದರ), ರಂಧ್ರದಂಥ ಸಣ್ಣ ವಿವರ ಇನ್ನೊಂದಕ್ಕೆ ಬೇರೆ ಮಾಡೋದು, ಆಗ ಒಂದನ್ನ ತಿದ್ದಿದ್ರೆ ಇನ್ನೊಂದು ಕೆಡಲ್ಲ. ಫೋಟೋಶಾಪಲ್ಲಿ ಕಂಟ್ರೋಲ್ ಜೆ ಎರಡು ಸಲ ಒತ್ತಿ ಎರಡು ಕಾಪಿ ಮಾಡ್ಕೊಳ್ಳಿ, ಕೆಳಗಿನದಕ್ಕೆ 'ಬಣ್ಣ', ಮೇಲಿನದಕ್ಕೆ 'ಚರ್ಮ' ಅಂತ ಹೆಸರಿಡಿ. ಮೇಲಿನದರ ಪಕ್ಕ ಇರೋ ಕಣ್ಣಿನ ಗುರುತು ಆಫ್ ಮಾಡಿ 'ಬಣ್ಣ'ಕ್ಕೆ ಗಾಸಿಯನ್ ಬ್ಲರ್ (ಮಸುಕು ಮಾಡೋ ಫಿಲ್ಟರ್) ಕೊಡಿ. ಎಷ್ಟು ಅಂತ ಎಲ್ರೂ ಕೇಳ್ತಾರೆ, ನಂಬರ್ ಬಾಯಿಪಾಠ ಮಾಡ್ಬೇಡಿ, ರಂಧ್ರ ಕಾಣೋದು ನಿಂತ ಕಡೆ ನಿಲ್ಲಿಸಿ ಅಷ್ಟೇ, ಮುಖ ಫ್ರೇಮ್ ತುಂಬಿದ್ರೆ ಜಾಸ್ತಿ ಬೇಕು, ಗ್ರೂಪ್ ಫೋಟೋಗೆ ಒಂದೆರಡು ಪಿಕ್ಸೆಲ್ಲೇ ಸಾಕಾಗ್ಬಹುದು. ಆಮೇಲೆ 'ಚರ್ಮ' ಲೇಯರ್ ಕಣ್ಣು ಆನ್ ಮಾಡಿ ಅದನ್ನ ಸೆಲೆಕ್ಟ್ ಮಾಡಿ, ಇಮೇಜ್ ಮೆನುಲಿ ಅಪ್ಲೈ ಇಮೇಜ್. ಲೇಯರ್ ಅನ್ನೋ ಕಡೆ 'ಬಣ್ಣ', ಬ್ಲೆಂಡಿಂಗ್ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128. ಇದು 8 ಬಿಟ್ ಫೈಲಿಗೆ (ಬಿಟ್ ಅಂದ್ರೆ ಫೈಲು ಬಣ್ಣನ ಎಷ್ಟು ಸೂಕ್ಷ್ಮವಾಗಿ ಇಟ್ಕೊಳ್ಳುತ್ತೆ ಅನ್ನೋ ಲೆಕ್ಕ). 16 ಬಿಟ್ ಆದ್ರೆ ಆಡ್ ಇಟ್ಟು ಇನ್ವರ್ಟ್ ಟಿಕ್ ಮಾಡಿ, ಸ್ಕೇಲ್ 2, ಆಫ್‌ಸೆಟ್ 0. ಪರದೆ ಬೂದಿ ಬಣ್ಣ ಆಗುತ್ತೆ, ಗಾಬರಿ ಬೀಳ್ಬೇಡಿ, 'ಚರ್ಮ' ಲೇಯರಿನ ಬ್ಲೆಂಡಿಂಗ್ ಮೋಡ್ ಲೀನಿಯರ್ ಲೈಟ್ ಮಾಡಿದ್ರೆ ಫೋಟೋ ಮೊದಲಿನಂಗೇ ವಾಪಸ್ ಬರುತ್ತೆ. ಬರ್ಲಿಲ್ವಾ, ಎಲ್ಲೋ ನಂಬರ್ ತಪ್ಪಿದೆ.

ಮೊಡವೆ ಉಬ್ಬನ್ನ 'ಚರ್ಮ'ದ ಮೇಲೆ ಹೀಲಿಂಗ್ ಬ್ರಷ್‌ನಿಂದ ತೆಗೀರಿ, ಸ್ಯಾಂಪಲ್ ಕರೆಂಟ್ ಲೇಯರ್ ಅಂತಿರಲಿ. ಆಲ್ಟ್ ಒತ್ತಿ ಮಾದರಿ ತಗೊಳ್ಳುವಾಗ ಪಕ್ಕದ ಚರ್ಮನೇ ತಗೊಳ್ಳಿ, ಹಣೆ ಚರ್ಮ ತಂದು ಕೆನ್ನೆಗೆ ಹಾಕಿದ್ರೆ ತೇಪೆ ಕಾಣುತ್ತೆ. ಕೆಂಪು, ಕಪ್ಪು ಉಳೀತಲ್ಲ, ಅದು 'ಬಣ್ಣ'ದ ಕೆಲಸ: ಲ್ಯಾಸೋ ಅನ್ನೋ ಆಯ್ಕೆ ಟೂಲಲ್ಲಿ ಸುತ್ತ ಗೀಚಿ, ಅಂಚು ಮೆತ್ತಗಾಗೋಕೆ ಫೆದರ್ 20 ಪಿಕ್ಸೆಲ್ ಕೊಟ್ಟು ಸ್ವಲ್ಪ ಗಾಸಿಯನ್ ಬ್ಲರ್. ದವಡೆ ಗೆರೆ, ಮೂಗಿನ ಅಂಚು, ಕೂದಲು ದಾಟ್ಬೇಡಿ, ದಾಟಿದ್ರೆ ಅಂಚಿನ ಬಣ್ಣ ಒಳಗೆ ಇಳಿದು ಮುಖ ಕೊಳೆ ಆಗುತ್ತೆ. ಅರಿಶಿನ ಶಾಸ್ತ್ರದ ಫೋಟೋಲಿ ಹಳದಿ ಪಟ್ಟೆ ಪಟ್ಟೆ ಇದ್ದೇ ಇರುತ್ತೆ, ದಯವಿಟ್ಟು ಬಿಟ್ಬಿಡಿ, ಅದು ಇರ್ಬೇಕಾದ್ದೇ.

ನಿಜವಾದ ತಲೆನೋವು ಛತ್ರದ ಸ್ಟೇಜು. ಲೈಟಿನ ಬಿಸಿ, ಬೆವರು, ಹಣೆ ಮೇಲೆ ಬಿಳೀ ಹೊಳಪು. ಎರಡು ಲೇಯರ್ ಮಧ್ಯೆ ಖಾಲಿ ಲೇಯರ್ ಇಟ್ಟು, ಪಕ್ಕದ ಚರ್ಮದ ಬಣ್ಣ ಎತ್ಕೊಂಡು ಮೆತ್ತನೆ ಬ್ರಷ್, ಫ್ಲೋ 3 ಪರ್ಸೆಂಟಲ್ಲಿ ನಿಧಾನಕ್ಕೆ ಸವರಿ. ಪೂರ್ತಿ ಬಿಳಿ ಆಗಿರೋ ಕಡೆ ರಂಧ್ರ ರೆಕಾರ್ಡೇ ಆಗಿರಲ್ಲ, ಅಲ್ಲಿಗೆ 'ಚರ್ಮ'ದ ಮೇಲೆ ಕ್ಲೋನ್ ಸ್ಟಾಂಪಿಂದ ಪಕ್ಕದ್ದು ತಂದು ಹಾಕ್ಬೇಕು. ಇದೇ ಜೋಡಿನ ಬೆಳಗ್ಗೆ ಬೇಗ ಮೈಸೂರಿನ ಕುಕ್ಕರಹಳ್ಳಿ ಕೆರೆ ದಡದಲ್ಲಿ ತೆಗೆದಿದ್ರೆ ಈ ಅರ್ಧ ಕೆಲಸನೇ ಇರಲ್ಲ, ಆದ್ರೆ ಮುಹೂರ್ತಕ್ಕೆ ಕೆರೆ ದಡ ಯಾರ್ ಕೊಡ್ತಾರೆ.

ಮುನ್ನೂರು ಫೋಟೋ ಇದ್ರೆ ಇಷ್ಟೆಲ್ಲ ಆಗಲ್ಲ. ಲೈಟ್‌ರೂಮಲ್ಲಿ 2019ರಲ್ಲಿ ಬಂದ ಟೆಕ್ಸ್ಚರ್ ಸ್ಲೈಡರನ್ನ ಮುಖಕ್ಕೆ ಮಾತ್ರ ಮೈನಸ್ 15, 20 ಕೊಟ್ಟು ಮುಂದೆ ಹೋಗಿ, ಕವರ್ ಫೋಟೋ, ಫ್ರೇಮ್ ಹಾಕೋ ಫೋಟೋಗೆ ಮಾತ್ರ ಲೇಯರ್. ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋಕಾಗದವರಿಗೆ ಗಿಂಪ್ ಅನ್ನೋ ಪುಕ್ಕಟೆ ಸಾಫ್ಟ್‌ವೇರಿನ 2.10ರಲ್ಲೇ ವೇವ್‌ಲೆಟ್ ಡಿಕಂಪೋಸ್ ಇದೆ, ಅದೂ ಇದೇ ರೀತಿ ಲೇಯರ್ ಬೇರೆ ಮಾಡಿ ಕೊಡುತ್ತೆ.

100 ಪರ್ಸೆಂಟ್ ಜೂಮಲ್ಲಿ ಕೆಲಸ ಮಾಡಿ, ಆಗಾಗ ಪೂರ್ತಿ ಫೋಟೋ ನೋಡಿ. ಮುಗಿದ್ಮೇಲೆ ಲೇಯರೆಲ್ಲ ಗ್ರೂಪ್ ಮಾಡಿ ಒಪಾಸಿಟಿ (ಎಷ್ಟು ಗಾಢವಾಗಿ ಕಾಣ್ಬೇಕು ಅನ್ನೋದು) 70 ಪರ್ಸೆಂಟಿಗೆ ಇಳಿಸಿ, ಟೀ ಕುಡಿದು ಬಂದು ನೋಡಿ, ಸುಮಾರು ಸಲ ಅಷ್ಟೇ ಸಾಕು ಅನ್ಸುತ್ತೆ. ಲೇಯರ್ ಇರೋ ಫೈಲ್ ಅಳಿಸ್ಬೇಡಿ, "ಆ ಮಚ್ಚೆ ವಾಪಸ್ ಹಾಕಿ" ಅಂತ ಆಲ್ಬಮ್ ಪ್ರಿಂಟಿಗೆ ಹೋಗೋ ಹಿಂದಿನ ರಾತ್ರಿ ಫೋನ್ ಬಂದೇ ಬರುತ್ತೆ.