ಬೆಟ್ಟ ಎತ್ತುವ ನಾಯಕನಿಗೆ ತಕ್ಕ ಖಳನನ್ನು ಬರೆಯುವುದು ಹೇಗೆ?

ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ರಾವಣ ಕೈಲಾಸವನ್ನೇ ಎತ್ತುತ್ತಿದ್ದಾನೆ. ಅಲ್ಲಿ ಬೆಟ್ಟ ಎತ್ತುವವನು ಖಳ. ಸೂಪರ್‌ಹೀರೋ ಕಾಮಿಕ್ಸಿನಲ್ಲಿ ಆ ಬಲ ನಾಯಕನ ಪಾಲಿಗೆ ಬಂದಿದೆ. ಹಾಗಾದರೆ ಅವನ ಎದುರು ಯಾರನ್ನು ನಿಲ್ಲಿಸುವುದು? ಇನ್ನೂ ದೊಡ್ಡ ಬೆಟ್ಟ ಎತ್ತುವವನನ್ನಂತೂ ಬೇಡ. ಮುಂದಿನ ಸಂಚಿಕೆಗೆ ಅವನಿಗಿಂತ ಬಲಶಾಲಿಯನ್ನು ಹುಡುಕಬೇಕಾಗುತ್ತದೆ.

ಮೊದಲು, ನಿಮ್ಮ ನಾಯಕನ ಬಲ ಎಲ್ಲಿ ಕೆಲಸಕ್ಕೆ ಬರುವುದಿಲ್ಲ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಅವನು ಸಕಲೇಶಪುರದವನು ಎಂದಿಟ್ಟುಕೊಳ್ಳೋಣ. ತೋಟಕ್ಕೆ ನುಗ್ಗಿದ ಕಾಡಾನೆಯನ್ನು ಒಂದೇ ಕೈಯಲ್ಲಿ ಎತ್ತುತ್ತಾನೆ. ಸರಿ, ಎಲ್ಲಿ ಇಳಿಸುತ್ತಾನೆ? ಆಚೆಗೂ ಯಾರದೋ ಗದ್ದೆ, ಯಾರದೋ ಮನೆ. ನಿಮ್ಮ ಖಳನನ್ನು ಇಂಥ ಜಾಗದಲ್ಲಿ ಹುಡುಕಿ.

ಆಮೇಲೆ ಅವನಿಗೊಂದು ಕಾರಣ ಕೊಡಿ. ಇದಕ್ಕೆ ಜಾಸ್ತಿ ಸಮಯ ಇಡಿ. ಸೂಪರ್‌ಮ್ಯಾನ್ ಬಂದದ್ದು 1938ರಲ್ಲಿ, ಅವನ ಎದುರಾಳಿ ಲೆಕ್ಸ್ ಲೂಥರ್ 1940ರಲ್ಲಿ. ಲೂಥರ್‌ನ ಬಂಡವಾಳ ಬುದ್ಧಿ. 1986ರ ನಂತರದ ಕಥೆಗಳಲ್ಲಿ ಅವನು ದೊಡ್ಡ ಉದ್ಯಮಿ, ಮುಂದೆ ಅಮೆರಿಕದ ಅಧ್ಯಕ್ಷನೂ ಆಗುತ್ತಾನೆ. ಜನ ಓಟು ಹಾಕಿ ಗೆಲ್ಲಿಸಿದವನನ್ನು ಗುದ್ದುವುದು ಹೇಗೆ, ಅಲ್ವಾ? ಆಕಾಶದಿಂದ ಬಂದವನೊಬ್ಬ ಎಲ್ಲವನ್ನೂ ಮಾಡಿಕೊಟ್ಟರೆ ಮನುಷ್ಯರು ಕೈಕಟ್ಟಿ ಕೂರುತ್ತಾರೆ ಎಂಬುದು ಅವನ ವಾದ. ಓದುವಾಗ ಒಂದು ಗಳಿಗೆ ‘ಹೌದಲ್ಲ’ ಅನಿಸುತ್ತದೆ. 1992ರಲ್ಲಿ ಸೂಪರ್‌ಮ್ಯಾನ್‌ನನ್ನು ಕೊಂದದ್ದು ಡೂಮ್ಸ್‌ಡೇ ಎಂಬ ದೈತ್ಯ. ಅವನಿಗೆ ಏನು ಬೇಕಿತ್ತು ಎಂದು ಕೇಳಿದರೆ ಹೇಳಲು ಹೆಚ್ಚೇನೂ ಇಲ್ಲ. ನನಗೆ ಲೂಥರನೇ ದೊಡ್ಡ ಖಳ.

ಸೂಪರ್‌ಮ್ಯಾನ್‌ನ ಬಲ ಕುಂದಿಸುವ ಕ್ರಿಪ್ಟೋನೈಟ್‌ನಂಥ ಕಲ್ಲು ಬೇಕಿದ್ದರೆ ಒಮ್ಮೆ ಬಳಸಿ, ಸುಮ್ನೆ ಪ್ರತಿ ಸಲ ತರಬೇಡಿ.

ಈಗ ನಮ್ಮ ಸಕಲೇಶಪುರದ ಖಳ. ಮಳೆ ಹೆಚ್ಚಾಗಿ ಕಾಫಿ ಕಾಯಿ ಉದುರಿದ ವರ್ಷ ಬೆಳೆಗಾರರಿಗೆ ಸಾಲ ಕೊಟ್ಟವನು. ಊರು ಅವನಿಗೆ ಕೈಮುಗಿಯುತ್ತದೆ. ಕಾಗದಪತ್ರ ಎಲ್ಲ ಸರಿಯಾಗಿದೆ. ಒಂದೊಂದೇ ತೋಟ ಅವನ ಹೆಸರಿಗೆ ಆಗುತ್ತಿದೆ. ತಾನು ಊರನ್ನು ಉಳಿಸಿದೆ ಎಂದೇ ಅವನು ನಂಬಿದ್ದಾನೆ.

ಮೊದಲ ಭೇಟಿಯಲ್ಲಿ ಹೊಡೆದಾಟ ಬೇಡ. ಅವನು ನಾಯಕನ ಮನೆಯ ಜಗಲಿಯಲ್ಲಿ ಕೂತು ಕಾಫಿ ಕುಡಿಯಲಿ. ಲೋಟ ತಂದುಕೊಡುವುದು ನಾಯಕನ ಅಮ್ಮ. ಸಾಲದ ಪತ್ರದಲ್ಲಿ ಇರುವುದು ಅವರದೇ ಸಹಿ. ಆ ಹೊತ್ತಿಗೆ ನಾಯಕ ಏನು ಮಾಡುತ್ತಾನೆ ಎಂದು ನಿಮಗೆ ಗೊತ್ತಾಗುವವರೆಗೆ ಎರಡನೇ ಪುಟ ಶುರು ಮಾಡಬೇಡಿ.