ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗೇಟು ಹಾಕಿರುತ್ತೆ: ಬ್ಲೌಸ್ ಹೊಲಿಯೋಳ ಅನುಭವ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ ಒಂದೂವರೆ ಗಂಟೆಗೆ ಹುಕ್ಸ್ ಹಾಕ್ತಾ ಕೂರೋದು ಹೇಗಿರುತ್ತೆ ಅಂತ ಈ ಕಸುಬಿನವರಿಗೆ ನಾನು ಹೇಳಬೇಕಾಗಿಲ್ಲ. ಮೈಸೂರಲ್ಲಿ ಮನೆ ಮುಂದಿನ ರೂಮಲ್ಲೇ 18 ವರ್ಷದಿಂದ ಹೊಲೀತಿದ್ದೀನಿ. 16 ಹಬ್ಬ ಹಾಗೇ ಕಳೆದವು, ಹೋದ ಎರಡು ಹಬ್ಬ ಮಾತ್ರ ಹತ್ತು ಗಂಟೆಗೇ ಮಲಗಿದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ವಿಶ್ರಾಂತಿಗೆ ಅಂತ ಗೇಟು ಹಾಕ್ತೀನಿ ಅಂದಾಗ ನಮ್ಮ ಓರಗಿತ್ತಿ "ಗಿರಾಕಿಗಳೆಲ್ಲ ಎದುರು ಬೀದಿಗೆ ಹೋಗ್ತಾರೆ, ನೋಡ್ತಿರು" ಅಂದಿದ್ದರು. ಮೊನ್ನೆ ಅವರೇ ಹೇಗೆ ಮಾಡಿದೆ ಅಂತ ಕೇಳಿದರು, ಅದಕ್ಕೇ ಬರೀತಿದ್ದೀನಿ.

ಮೊದಲು, ಬಿಡುವು ಮಾಡಿಕೊಳ್ಳೋಕೆ ಹೋಗಿ ದುಡ್ಡು ಕಳೆದದ್ದು ಹೇಳ್ತೀನಿ. ಕೈ ಕೆಳಗೆ ಒಬ್ಬ ಹುಡುಗಿನ ಇಟ್ಟುಕೊಂಡೆ, ತಿಂಗಳಿಗೆ 8 ಸಾವಿರ. ಫಾಲ್, ಹೆಮ್ಮಿಂಗ್ ಚೆನ್ನಾಗಿ ಮಾಡ್ತಿದ್ದಳು. ಮೂರನೇ ತಿಂಗಳು ರೇಷ್ಮೆ ಪೀಸಲ್ಲಿ ಎರಡೂ ತೋಳು ಒಂದೇ ಕೈಗೆ ಕತ್ತರಿಸಿಬಿಟ್ಟಳು. ಸೀರೆ ಜೊತೆ ಬಂದ ಪೀಸು, ಇನ್ನೊಂದು ಎಲ್ಲಿಂದ ತರೋದು? 2,500 ಕೊಟ್ಟು ಸಮಾಧಾನ ಮಾಡಿದೆ. ಹುಡುಗಿ ತಪ್ಪು ಅನ್ನಲ್ಲ, ರಾತ್ರಿ ಒಂಬತ್ತಕ್ಕೆ ಅವಳ ಕೈಗೆ ಕತ್ತರಿ ಕೊಟ್ಟವಳು ನಾನು. ಆಮೇಲೆ ಯೋಗದ ಕ್ಲಾಸು, 1,200 ಕಟ್ಟಿ ಆರು ದಿನ ಹೋದೆ. ಶವಾಸನ ಅಂತ ಮಲಗಿಸಿದರೆ ಬಾಕಿ ಬ್ಲೌಸ್ ಎಣಿಸ್ತಿದ್ದೆ. ಆಮೇಲೆ 350 ಕೊಟ್ಟು "ವಿಶ್ರಾಂತಿ ಸಮಯ 2–4" ಅಂತ ಬೋರ್ಡ್ ಬರೆಸಿದೆ. ಜನ ಅದನ್ನ ಪೂರ್ತಿ ಓದಿ, ಆಮೇಲೆ ಬೆಲ್ ಒತ್ತೋರು. "ಆಂಟಿ, ಒಂದೇ ನಿಮಿಷ, ಅಳತೆ ಬ್ಲೌಸ್ ಕೊಟ್ಟು ಹೋಗ್ತೀನಿ." ಫೋನ್ ಆಫ್ ಮಾಡಿಟ್ಟ ವಾರವೇ ಮದುವೆ ಮನೆಯ 14 ಬ್ಲೌಸ್ ಕೈತಪ್ಪಿತು, ಏನಿಲ್ಲ ಅಂದರೂ ಏಳು ಸಾವಿರ.

ಆಷಾಢದಲ್ಲಿ ನಮಗೆ ಹೇಗೂ ಮದುವೆ ಕೆಲಸ ಇರಲ್ಲ. ಆಗ ಹತ್ತು ದಿನ ಬಾಗಿಲಿಗೆ ಬಂದವರಿಗೆಲ್ಲ ಒಂದೊಂದು ಗೀಟು ಹಾಕಿಕೊಂಡು ಬಂದೆ. ಬಟ್ಟೆ ಕೊಡೋಕೆ, ತಗೊಳ್ಳೋಕೆ ಬಂದವರಿಗಿಂತ ಬರೀ "ಆಯ್ತಾ?" ಅಂತ ಕೇಳೋಕೆ ಬಂದವರೇ ಜಾಸ್ತಿ. ಅವರು ಯಾಕೆ ಬರಲ್ಲ ಹೇಳಿ? ಸೋಮವಾರ ಬನ್ನಿ ಅಂತೀನಿ, ಸೋಮವಾರ ಬಂದರೆ ಇನ್ನೂ ಕಟಿಂಗೇ ಆಗಿರಲ್ಲ. ನನ್ನ ನಿದ್ದೆ ಕೆಡಿಸ್ತಿದ್ದದ್ದು ಗಿರಾಕಿ ಅಲ್ಲ, ನನ್ನ ಸೋಮವಾರ.

ಒಂದು ಉದ್ದ ನೋಟ್‌ಬುಕ್ ತಂದೆ. ದಿನಕ್ಕೊಂದು ಪುಟ, ಪುಟಕ್ಕೆ ಐದು ಗೆರೆ, ಗೆರೆಗೊಂದು ಬ್ಲೌಸ್. ನಾನು ದಿನಕ್ಕೆ ಲೈನಿಂಗ್ ಬ್ಲೌಸ್ ಏಳು ಹೊಲೀತೀನಿ, ಪ್ಲೇನ್ ಆದರೆ ಒಂಬತ್ತು. ನಮ್ಮ ಬೀದಿಯಲ್ಲಿ ಇನ್ಯಾರೂ ಅಷ್ಟು ಮಾಡಲ್ಲ. ಆದರೂ ಗೆರೆ ಐದೇ. ಪೈಪಿಂಗ್, ಪ್ಯಾಡ್, ಬೋಟ್ ನೆಕ್ ಇದ್ದರೆ ಒಂದಕ್ಕೆ ಎರಡು ಗೆರೆ. ನಾಲ್ಕು ತುಂಬಿಸ್ತೀನಿ, ಐದನೇದು ಅರ್ಜೆಂಟಿಗೆ, ಒಂದೂವರೆ ಪಟ್ಟು ರೇಟು. ರೇಟು ಕೇಳಿದ ಮೇಲೆ ಅರ್ಧ ಜನರಿಗೆ ಅರ್ಜೆಂಟೇ ಇರಲ್ಲ. ಪುಸ್ತಕ ಅವರ ಕಡೆ ತಿರುಗಿಸಿ ಅವರ ಕೈಯಲ್ಲೇ ಹೆಸರು ಬರೆಸ್ತೀನಿ. ಡೆಲಿವರಿ ಸಂಜೆ 5ರಿಂದ 7, ಆಲ್ಟರೇಷನ್ ಬುಧವಾರ ಮಾತ್ರ. ಪುಟ ತುಂಬಿದ ದಿನವೇ ಬೇಕು ಅಂತ ಹತ್ತು ವರ್ಷದ ಹಳೇ ಗಿರಾಕಿ ಹಠ ಹಿಡಿದರೆ ಏನು ಮಾಡ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ. ಅವರೂ ಇದನ್ನ ಓದ್ತಾರೆ.

ಮೊದಲ ಎರಡು ತಿಂಗಳು ಬಿತ್ತು ಏಟು. ಲೈನಿಂಗ್, ನೂಲು ಎಲ್ಲ ಕಳೆದು 28 ಸಾವಿರದ ಹತ್ತಿರ ಉಳೀತಿದ್ದದ್ದು 20ಕ್ಕೆ ಇಳೀತು. ನಮ್ಮನೆಯವರು ಏನೂ ಅನ್ನಲಿಲ್ಲ, ಆದರೆ ಬೋರ್ಡ್ ಕಡೆ ನೋಡಿ ನೋಡಿ ಊಟ ಮಾಡ್ತಿದ್ದರು. ಮೂರನೇ ತಿಂಗಳಿಂದ ತಿರುಗಿತು. ಹೇಳಿದ ದಿನ ಸಿಗುತ್ತೆ ಅಂತ ಆದ ಮೇಲೆ ಲೈನಿಂಗ್ ಬ್ಲೌಸಿಗೆ 50 ಜಾಸ್ತಿ ಮಾಡಿದೆ, ಯಾರೂ ಚೌಕಾಸಿ ಮಾಡಲಿಲ್ಲ. ಮುಂಚೆ ವಾರಕ್ಕೆ ನಾಲ್ಕೈದು ಬ್ಲೌಸ್ ತೋಳು ಬಿಗಿ, ಭುಜ ಜಾರುತ್ತೆ ಅಂತ ವಾಪಸ್ ಬರ್ತಿದ್ದವು, ಈಗ ಒಂದು ಬಂದರೆ ಹೆಚ್ಚು. ಪುಕ್ಕಟೆ ಬಿಚ್ಚಿ ಹೊಲಿಯೋ ಹೊತ್ತು ಎಷ್ಟು ತಿಂತಿತ್ತು ಅಂತ ನಾನು ಲೆಕ್ಕವೇ ಹಾಕಿರಲಿಲ್ಲ. ಈಗ 32ರ ಆಸುಪಾಸು ಉಳಿಯುತ್ತೆ.

ಗೇಟು ಹಾಕಿದ ತಕ್ಷಣ ನಿದ್ದೆ ಏನೂ ಬರಲಿಲ್ಲ. ಮಿಷನ್ ನಿಲ್ಲಿಸಿದರೂ ಕಿವಿಯಲ್ಲಿ ಗುಂಯ್ ಅನ್ನೋದು. ನೆತ್ತಿಗೆ ಹರಳೆಣ್ಣೆ ಹಾಕಿ ನೋಡಿದೆ, ಒಳ್ಳೇ ನಿದ್ದೆ ಬಂತು, ಎದ್ದು ಕೆಲಸಕ್ಕೆ ಕೂತಾಗ ಒಬ್ಬರ ಕೆನೆ ಬಣ್ಣದ ಪೀಸಿಗೆ ಎಣ್ಣೆ ಕಲೆ ಹತ್ತಿತು. ಸೀಮೆಸುಣ್ಣದ ಪುಡಿ ಉದುರಿಸಿ ತೆಗೆಯೋ ಹೊತ್ತಿಗೆ ಮಲಗಿದ್ದೆಲ್ಲ ಇಳಿದುಹೋಯಿತು. ಕಣ್ಣಿನ ಮೇಲೆ ಒದ್ದೆ ಹತ್ತಿಬಟ್ಟೆ ಇಡೋದು ವಾಸಿ. ಪವರ್ ಮಿಷನ್ನಿನ ಹಳೇ ಕ್ಲಚ್ ಮೋಟರ್ ತೆಗೆಸಿ ಸರ್ವೋ ಹಾಕಿಸಿದೆ, ನಾಲ್ಕೂವರೆ ಸಾವಿರ ಅಂತ ನೆನಪು. ಕ್ಲಚ್ ಮೋಟರ್ ಸ್ವಿಚ್ ಹಾಕಿದಾಗಿಂದ ಸುಮ್ಮನೆ ತಿರುಗ್ತಾನೇ ಇರುತ್ತೆ, ಸರ್ವೋ ಪೆಡಲ್ ಒತ್ತಿದರೆ ಮಾತ್ರ. ಕರೆಂಟೂ ಕಡಿಮೆ. ಯೋಗಕ್ಕೆ ಕೊಟ್ಟದ್ದನ್ನ ಮೊದಲೇ ಇದಕ್ಕೆ ಹಾಕಬೇಕಿತ್ತು. ಈಗ ಚಾಪೆ ಮೇಲೆ ಅರ್ಧ ಗಂಟೆ, ಅಲಾರಂ ಇಟ್ಟು. ಎರಡನೇ ಸಲ ಅನ್ನ ಬಡಿಸಿಕೊಂಡ ದಿನ ಅಲಾರಂ ಕೇಳಿಸಲ್ಲ, ಎದ್ದ ಮೇಲೆ ತಲೆಭಾರ. ಮಿಕ್ಕ ಹೊತ್ತು ಅತ್ತೆ ಜೊತೆ ಮಲ್ಲಿಗೆ ಕಟ್ಟಿಕೊಂಡು ಕೂರ್ತೀನಿ. ಸೀರೆ ಕುಚ್ಚು ಮಾತ್ರ ಆ ಹೊತ್ತಲ್ಲಿ ಮುಟ್ಟಲ್ಲ, ಕೂತರೆ ಏಳೋಕಾಗಲ್ಲ.

ಮದುವೆ ಲಾಟ್ ಇನ್ನೂ ಸರಿ ಹೋಗಿಲ್ಲ. 15 ಬ್ಲೌಸ್ ಒಟ್ಟಿಗೆ ಬಂದರೆ ಐದು ಗೆರೆಯ ಪುಟ ಸಾಲಲ್ಲ. ಆರು ವಾರ ಮುಂಚೆ ಕೊಟ್ಟರೆ ಮಾತ್ರ ತಗೋತೀನಿ ಅಂತ ಮಾಡಿದೆ. ಹೋದ ತಿಂಗಳು ಒಬ್ಬ ಮದುಮಗಳ ತಾಯಿ ಸಿಟ್ಟಾಗಿ ಬ್ಯಾಗು ಎತ್ತಿಕೊಂಡು ಎದುರು ಬೀದಿಗೇ ಹೋದರು. ಓರಗಿತ್ತಿಗೆ ಇನ್ನೂ ಹೇಳಿಲ್ಲ.